ಮಾಣಗಂಗೆಯ ಕವಿ ಮೇಲ್ಮನೆಗೆ ಬಂದ ಕಥೆ

ಮಿರಜದ ಸಿತಾರ ತಯಾರಕರ ಗಲ್ಲಿಯಲ್ಲಿ ಸೋರೆಯ ಬುರುಡೆಗೆ ಮರದ ದಂಡಿಯನ್ನು ಕೂಡಿಸಿ, ತಂತಿ ಬಿಗಿದು, ತಂಬೂರಿಯ ಜವಾರಿಯನ್ನು, ಎಂದರೆ ತಂತಿಯ ಝೇಂಕಾರವನ್ನು, ಕಿವಿಗೊಟ್ಟು ತಿದ್ದುವ ಕುಶಲಿಗಳು ಇಂದಿಗೂ ಇದ್ದಾರೆ. ಆ ಸೋರೆ ಬೆಳೆಯುವುದು ಪಂಢರಪುರದ ಆಸುಪಾಸಿನ ಹೊಲಗಳಲ್ಲಿ. ಅದರ ನಾದ ಹೊಮ್ಮಿದ್ದು ನಾಡಿನ ನಾನಾ ಬಾನುಲಿ ಕೇಂದ್ರಗಳ ಕೊಠಡಿಗಳಲ್ಲಿ. ಕಿರಾಣಾ ಘರಾಣೆಯ ಗಾಯಕ ಉಸ್ತಾದ ಅಬ್ದುಲ್ ಕರೀಮ್ ಖಾನರು ನೆಲಸಿದ್ದು ಈ ಊರಿನಲ್ಲಿಯೇ. 1937ರಲ್ಲಿ ದೂರದ ತಮಿಳುನಾಡಿನ ಒಂದು ರೈಲುನಿಲ್ದಾಣದಲ್ಲಿ ಅವರು ದೇಹವಿಟ್ಟಾಗ, ಆ ದೇಹವನ್ನು ತಂದು ಮಣ್ಣು ಮಾಡಿದುದೂ ಮಿರಜದಲ್ಲಿಯೇ. ಎರಡು ಹರದಾರಿಯಾಚೆ ಕೃಷ್ಣೆಯ ದಡದಲ್ಲಿರುವ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ರಂಗಕ್ಕೆ ತಂದರು. ಅದಕ್ಕೆ ಮುಂಚಿನ ವರ್ಷ ಉತ್ತರಕನ್ನಡದ ಕರ್ಕಿಯಿಂದ ಬಂದ ಭಾಗವತಮೇಳದ ಆಟವನ್ನು ನೋಡಿದ ಸಾಂಗಲಿಯ ದೊರೆ, ಅಂತಹುದೊಂದನ್ನು ಮರಾಠಿಯಲ್ಲಿ ಕಟ್ಟಬೇಕೆಂದು ಅಪೇಕ್ಷಿಸಿದನೆಂಬುದು ಪ್ರಸಿದ್ಧವಾದ ವೃತ್ತಾಂತ. ಮರಾಠಿ ನಾಟಕದ ಹುಟ್ಟನ್ನು ತಂಜಾವೂರಿನ ಭೋಸಲೆ ಅರಸರ ಕಾಲಕ್ಕೆ ಒಯ್ಯುವ ವಿದ್ವಾಂಸರೂ ಇದ್ದಾರೆ. ಆದರೆ ಸಾಂಗಲಿಯ ಆ ರಂಗದ ಹಿಂದೆ ಕನ್ನಡದ ಚೆಂಡೆಮದ್ದಳೆಗಳ ಧ್ವನಿಯಿದ್ದಿತೆಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ.

ಈ ಸೀಮೆಗೆ ಈಶಾನ್ಯದಲ್ಲಿ, ಮಳೆಯ ಮೋಡಗಳು ಸಹ್ಯಾದ್ರಿಯಲ್ಲಿಯೇ ಬರಿದಾಗಿ ಹೋಗುವುದರಿಂದ ಬಹುಕಾಲ ಬಿಸಿಲನ್ನೇ ಉಂಡು ಬದುಕುವ ಒಂದು ಒಣನಾಡುಂಟು. ಮಾಣಗಂಗೆಯೆಂಬ ಸಣ್ಣ ಹೊಳೆಯಿಂದ ಅದಕ್ಕೆ ಮಾಣದೇಶವೆಂದು ಹೆಸರು. ಖಿಲ್ಲಾರಿ ಎತ್ತುಗಳ ತವರು ಅದು. ಕಂಬಳಿ ಹೊದ್ದು ಕುರಿ ಕಾಯುವ ಧನಗರರ ನಾಡು ಅದು. ಆ ಧನಗರರ ಬಿರೋಬನಿಗೂ ನಮ್ಮ ಹಾಲುಮತದವರ ಬೀರಪ್ಪನಿಗೂ ನಡುವೆ ಭಾಷೆಯೊಂದನ್ನುಳಿದು ಬೇರೆ ಅಂತರವಿಲ್ಲ. ಮಹಾರಾಷ್ಟ್ರದ ವಿಧಾನಪರಿಷತ್ತಿನಲ್ಲಿ ಹನ್ನೆರಡು ವರ್ಷ ಕುಳಿತ, ಆದರೆ ಅಲ್ಲಿಗೆ ಮತಪೆಟ್ಟಿಗೆಯ ಮಾರ್ಗದಿಂದಲ್ಲದೆ ಬಾನುಲಿಯ ಮಾರ್ಗದಿಂದ ಬಂದರೆಂದೇ ಹೇಳಬೇಕಾದ ಕವಿ ಗಜಾನನ ದಿಗಂಬರ ಮಾಡಗೂಳಕರರು ಹುಟ್ಟಿದ್ದು ಈ ಮಾಣದೇಶದಲ್ಲಿ, ಇಂದಿನ ಸಾಂಗಲಿ ಜಿಲ್ಲೆಯ ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ, 1919ರ ಅಕ್ಟೋಬರ್ 1ರಂದು. ಮನೆತನದ ಊರು ಮಾಡಗೂಳ. ಮರಾಠಿಗರ ಬಾಯಲ್ಲಿ ಅವರು ‘ಗದಿಮಾ’.

ಆಗ ಆಟಪಾಡಿ ಔಂಧ ಸಂಸ್ಥಾನಕ್ಕೆ ಸೇರಿತ್ತು. ಎಪ್ಪತ್ತೆರಡು ಹಳ್ಳಿಗಳ ಆ ಪುಟ್ಟ ರಾಜ್ಯ ಒಂದೆಡೆ ಕೂಡಿದ ಭೂಮಿಯಾಗಿರದೆ, ಸಾತಾರೆಯ ಬಳಿಯ ಔಂಧ, ಕೃಷ್ಣಾ ಕಣಿವೆಯ ಕುಂಡಲ, ಮಾಣದೇಶದ ಆಟಪಾಡಿ, ನಮ್ಮ ವಿಜಾಪುರದ ಕಡೆಯ ಗುಣದಾಳ ಎಂದು ಚದುರಿದ ತುಣುಕುಗಳ ಸಮುಚ್ಚಯವಾಗಿತ್ತು. ದೊರೆ ಭವಾನರಾವ್ ಪಂತಪ್ರತಿನಿಧಿ ಅವರು ಚಿತ್ರಕಾರರು, ಸ್ವತಃ ನಿಂತು ಕೀರ್ತನೆ ಮಾಡುವವರು, ಸೂರ್ಯನಮಸ್ಕಾರದ ಪ್ರಚಾರಕರು. 1916ರಲ್ಲಿಯೇ ರಾಮಕಥೆಯನ್ನು ಚಿತ್ರಗಳಲ್ಲಿ ಬಿಡಿಸಿ ‘ಚಿತ್ರರಾಮಾಯಣ’ವೆಂಬ ಗ್ರಂಥವನ್ನು ಪ್ರಕಟಿಸಿದ್ದವರು. ಗದಿಮಾರ ತಂದೆ ಈ ಸಂಸ್ಥಾನದಲ್ಲಿ ಕಾರಕೂನರು. ವರ್ಗವಾದಲ್ಲೆಲ್ಲ ಸಂಸಾರ ಹೊರಟಿತು. ಬಾಲಕನ ಓದು ಆಟಪಾಡಿ, ಕುಂಡಲ, ಔಂಧಗಳಲ್ಲಿ ಸಾಗಿತು. ತಾಯಿ ಬನೂತಾಯಿ ಓವಿಗಳನ್ನು ಕಟ್ಟಿ ಹಾಡುತ್ತಿದ್ದವರು. ಮರಾಠಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುವ ಆ ಓವಿ ನಮ್ಮ ತ್ರಿಪದಿಯ ಒಡಹುಟ್ಟೆಂದು ಕೆಲವರು ಊಹಿಸುವುದುಂಟು. ಆ ಊಹೆ ನಿಲ್ಲಲಿ, ನಿಲ್ಲದಿರಲಿ. ಅಕ್ಷರದ ಮುಂಚೆ ಧ್ವನಿಯೇ ಕಾವ್ಯವೆಂಬ ಪಾಠವನ್ನು ಈ ಮಗು ಹಿಟ್ಟಿನ ಕಣದೊಂದಿಗೆ ಉಂಡಿತೆಂಬುದು ಮುಂದಿನ ಬದುಕಿನಿಂದ ಸಿದ್ಧವಾಗುತ್ತದೆ.

ಮೆಟ್ರಿಕ್ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ಬಡತನ ಓದಿನ ಬಾಗಿಲನ್ನು ಮುಚ್ಚಿತು. 1938ರಲ್ಲಿ ಕೊಲ್ಲಾಪುರಕ್ಕೆ ಹೋಗಿ ಮಾಸ್ಟರ್ ವಿನಾಯಕರ ‘ಬ್ರಹ್ಮಚಾರಿ’ ಚಿತ್ರದಲ್ಲಿ ಒಂದು ಸಣ್ಣ ವೇಷ ಕಟ್ಟಿದರು. ಕಾದಂಬರಿಕಾರ ವಿ. ಸ. ಖಾಂಡೇಕರರು ಹೇಳಿದುದನ್ನು ಬರೆದುಕೊಳ್ಳುವ ಲೇಖಕನಾಗಿಯೂ ಕೆಲವು ಕಾಲ ದುಡಿದರು. ಪಾತ್ರಧಾರಿಯಿಂದ ಗೀತಕಾರನಾಗಿ, ಗೀತಕಾರನಿಂದ ಕಥೆ ಸಂಭಾಷಣೆಗಳ ಕರ್ತೃವಾಗಿ ಬೆಳೆದು, 1947ರಲ್ಲಿ ‘ಲೋಕಶಾಹೀರ ರಾಮಜೋಶಿ’ ತೆರೆಗೆ ಬಂದಾಗ ಅವರ ಹೆಸರು ಮಹಾರಾಷ್ಟ್ರದಲ್ಲೆಲ್ಲ ಹಬ್ಬಿತ್ತು.

ಅವರು ಊರು ಬಿಟ್ಟ ತರುವಾಯದ ಹತ್ತು ವರ್ಷಗಳಲ್ಲಿ ಆ ಊರಿನ ಜಗತ್ತೇ ಮಗುಚಿಕೊಂಡಿತು. ಭಾರತದ ಸಂಸ್ಥಾನಗಳು ತಮ್ಮ ಗದ್ದುಗೆಗಳನ್ನು ಭದ್ರಪಡಿಸಿಕೊಳ್ಳುತ್ತಿದ್ದ ಕಾಲದಲ್ಲಿ, 1939ರಲ್ಲಿ, ಔಂಧದ ದೊರೆ ಗಾಂಧೀಜಿಯ ಸಲಹೆಯಂತೆ ರಾಜ್ಯಾಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟರು. ಗ್ರಾಮಪಂಚಾಯತಿಯೇ ತಳಹದಿಯಾದ ಒಂದು ಸಂವಿಧಾನ ಆ ಹಳ್ಳಿಗಳಲ್ಲಿ ಜಾರಿಗೆ ಬಂದಿತು. ರಾಜಪುತ್ರ ಅಪ್ಪಾಸಾಹೇಬ ಪಂತರೂ ಪೋಲೆಂಡ್ ದೇಶದ ಮಾರಿಸ್ ಫ್ರಿಡ್‌ಮನ್ನರೂ ಅದರ ಶಿಲ್ಪಿಗಳಲ್ಲಿ ಮುಖ್ಯರು. ಆಟಪಾಡಿಯ ಹತ್ತಿರ ಸ್ವತಂತ್ರಪುರವೆಂಬ ಬಯಲುಬಂದೀಖಾನೆಯನ್ನು ಸ್ಥಾಪಿಸಿ, ಕೊಲೆಗಡುಕರಿಗೆ ಸಂಕೋಲೆಯ ಬದಲು ನೇಗಿಲನ್ನು ಕೊಟ್ಟು ನೋಡಿದ್ದೂ ಅದೇ ಕಾಲದಲ್ಲಿ. ಇದನ್ನು ಸ್ವರಾಜ್ಯದ ಪ್ರಥಮಪ್ರಯೋಗವೆಂದು ಕೊಂಡಾಡುವ ಇತಿಹಾಸಕಾರರಿದ್ದಾರೆ. ಇಷ್ಟು ಕಿರಿದಾದ ರಾಜ್ಯದ, ಒಬ್ಬ ಉದಾರಿಯ ಇಚ್ಛೆಯನ್ನವಲಂಬಿಸಿದ ಪ್ರಯೋಗದಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದೆನ್ನುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ನ್ಯಾಯವಿದ್ದರೂ, ಕವಿಯೊಬ್ಬನ ಮನಸ್ಸಿನಲ್ಲಿ ಬೀಜ ನೆಡಲು ಎಪ್ಪತ್ತೆರಡು ಹಳ್ಳಿಗಳು ಸಾಕಷ್ಟೇ ದೊಡ್ಡವು. 1957ರಲ್ಲಿ ಚಿತ್ರನಿರ್ದೇಶಕ ಶಾಂತಾರಾಮರು ತೆಗೆದು, ಮರುವರ್ಷ ಬರ್ಲಿನ್ ಉತ್ಸವದಲ್ಲಿ ಬೆಳ್ಳಿಯ ಕರಡಿಯನ್ನು ಗೆದ್ದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರದ ಕಥೆಯನ್ನು ಬರೆದವರು ಗದಿಮಾ; ಆ ಕಥೆಯ ಬೇರು ಸ್ವತಂತ್ರಪುರದ ಮಣ್ಣಿನಲ್ಲಿತ್ತು.

1940ರ ದಶಕದಲ್ಲಿ, ಗದಿಮಾ ಬಾಲ್ಯದಲ್ಲಿ ಓದಿದ್ದ ಕುಂಡಲ, ಬ್ರಿಟಿಷರಿಗೆ ಎದುರಾಗಿ ಕ್ರಾಂತಿಕಾರಿ ನಾನಾ ಪಾಟೀಲರು ನಡೆಸಿದ ಪ್ರತಿಸರಕಾರದ ನೆಲೆಯಾಯಿತು. 1948ರ ಜನವರಿಯಲ್ಲಿ ಗಾಂಧೀಜಿಯ ಹತ್ಯೆಯಾದೊಡನೆ, ಹಂತಕ ಬ್ರಾಹ್ಮಣನೆಂಬ ಕಾರಣಕ್ಕೆ, ದಕ್ಷಿಣ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತು. ಗದಿಮಾರ ತಮ್ಮ ವೆಂಕಟೇಶ ಮಾಡಗೂಳಕರರ ‘ವಾವಟಳ’ ಆ ದುರ್ದಿನಗಳನ್ನು ಕುರಿತ ಕಾದಂಬರಿ. ಅದೇ ವರ್ಷ ಮಾರ್ಚಿನಲ್ಲಿ ಔಂಧ, ಸಾಂಗಲಿ, ಮಿರಜ ಮೊದಲಾದ ದಖ್ಖನಿನ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ಲೀನವಾದವು. ದಕ್ಷಿಣ ಸಾತಾರೆಯೆಂಬ ಹೊಸ ಜಿಲ್ಲೆ ಹುಟ್ಟಿ, 1960ರಲ್ಲಿ ಸಾಂಗಲಿ ಜಿಲ್ಲೆಯೆಂದು ಹೆಸರು ಪಡೆಯಿತು. ಸಾಂಗಲಿ ಸಂಸ್ಥಾನದ ಶಿರಹಟ್ಟಿ, ತೇರದಾಳಗಳೂ ಮಿರಜದ ಲಕ್ಷ್ಮೇಶ್ವರವೂ ಕನ್ನಡ ಜಿಲ್ಲೆಗಳಿಗೆ ಬಂದವು. ಕನ್ನಡದ ಹಳ್ಳಿಗಳನ್ನೊಳಗೊಂಡ ಜತ್ತ ಸಾಂಗಲಿ ಜಿಲ್ಲೆಯಲ್ಲಿ ಉಳಿಯಿತು.

ಇನ್ನು ಬಾನುಲಿಯ ಮಾತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ಹೊತ್ತಿಸಿದ ಬಾನುಲಿಯ ದೀಪದಿಂದ ಮೊದಲುಗೊಂಡು 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ತೆರೆದುದರವರೆಗಿನ ಕಥೆ ಕನ್ನಡಿಗರಿಗೆ ತಿಳಿದುದೇ. ಪುಣೆಯ ಕೇಂದ್ರ ಆರಂಭವಾದುದು 1953ರ ಅಕ್ಟೋಬರ್ 2ರಂದು. ಆಗ ಪ್ರಸಾರಖಾತೆಯನ್ನು ವಹಿಸಿದ್ದ ಡಾಕ್ಟರ್ ಬಾಳಕೃಷ್ಣ ಕೇಸಕರರು ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುವುದೆಂದು ನಂಬಿದವರು. ಆಕಾಶವಾಣಿಯಲ್ಲಿ ಆ ಹಾಡುಗಳಿಗೆ ಎಡೆ ಬಹಳ ಕಡಿಮೆಯಾಯಿತು. ಕೇಳುಗರು ಸಿಲೋನ್ ಕೇಂದ್ರದ ಕಡೆ ಮುಳ್ಳು ತಿರುಗಿಸಿದರು. ಕೇಸಕರರ ನೀತಿ ಬಿಗಿಯಾಯಿತೆಂಬ ಟೀಕೆ ಯುಕ್ತವೇ. ಆದರೂ ಆ ನೀತಿಯಿಂದ ಒಂದು ಮಹದುಪಕಾರವೂ ಒದಗಿತು. ತೆರವಾದ ಹೊತ್ತನ್ನು ತುಂಬುವುದಕ್ಕೆ ಪ್ರತಿಯೊಂದು ಕೇಂದ್ರವೂ ತನ್ನ ನೆಲದ ಕವಿಗಳನ್ನೂ ಗಾಯಕರನ್ನೂ ಅರಸಬೇಕಾಗಿ ಬಂದಿತು.

ಪುಣೆಯ ಕೇಂದ್ರದ ಕಾರ್ಯಕ್ರಮಾಧಿಕಾರಿ ಸೀತಾಕಾಂತ ಲಾಡರು ಗದಿಮಾರ ಗೆಳೆಯರು. ವರ್ಷಪೂರ್ತಿ ನಡೆಯಬಹುದಾದ ಒಂದು ಗೀತಮಾಲೆಯನ್ನು ರಚಿಸಿಕೊಡಬೇಕೆಂದು ಅವರು ಕೇಳಿಕೊಂಡರು. ಗದಿಮಾ ವಾಲ್ಮೀಕಿಯನ್ನು ಆಶ್ರಯಿಸಿದರು. ಸ್ವರಸಂಯೋಜನೆಯ ಹೊಣೆ ಕೊಲ್ಲಾಪುರದವರೇ ಆದ, ಅದೇ 1919ರಲ್ಲಿ ಹುಟ್ಟಿದ ಸುಧೀರ ಫಡಕೆಯವರದು. 1955ರ ಏಪ್ರಿಲ್ 1, ಶುಕ್ರವಾರ, ರಾಮನವಮಿಯ ಬೆಳಗಿನಲ್ಲಿ ‘ಗೀತರಾಮಾಯಣ’ದ ಮೊದಲ ಹಾಡು ಪ್ರಸಾರವಾಯಿತು. ಆ ದಿನದ ಬಗ್ಗೆ ಒಂದು ವೃತ್ತಾಂತವುಂಟು. ಕವಿ ಬರೆದುಕೊಟ್ಟಿದ್ದ ಹಾಡಿನ ಹಾಳೆ ಸಂಗೀತಕಾರರ ಕೈಯಿಂದ ಎಲ್ಲಿಯೋ ಕಳೆದುಹೋಯಿತು. ಪ್ರಸಾರದ ಹೊತ್ತು ಹತ್ತಿರವಾಗಿತ್ತು. ಕುಪಿತರಾದ ಕವಿಯನ್ನು ಲಾಡರು ಒಂದು ಕೋಣೆಯಲ್ಲಿ ಕೂಡಿಹಾಕಿ ಬರೆಸಿದರು. ಅಲ್ಪಕಾಲದಲ್ಲಿಯೇ ಹಾಡು ಮತ್ತೊಮ್ಮೆ ಹುಟ್ಟಿತು. ಹೇಳುವವರ ಬಾಯಲ್ಲಿ ನಿಮಿಷಗಳ ಲೆಕ್ಕ ಹಿಗ್ಗುವುದೂ ಕುಗ್ಗುವುದೂ ಉಂಟು. ತಾಯಿಯ ಓವಿ ಕೇಳಿ ಬೆಳೆದವನಿಗೆ, ಚಿತ್ರರಂಗದ ತರಾತುರಿಯಲ್ಲಿ ಹದಿನೈದು ವರ್ಷ ಪಳಗಿದವನಿಗೆ ಅದು ಅಸಂಭವವಾದುದೇನೂ ಅಲ್ಲವೆಂದು ನನ್ನ ಅಭಿಪ್ರಾಯ.

ವಾರಕ್ಕೊಂದು ಹಾಡು, ಶುಕ್ರವಾರ ಹೊಸತು, ಅನಂತರದ ಎರಡು ದಿನ ಅದರದೇ ಪುನಃಪ್ರಸಾರ. ಆ ಸಂವತ್ಸರದಲ್ಲಿ ಅಧಿಕಮಾಸ ಬಂದುದರಿಂದ ಮಾಲೆ ಐವತ್ತೆರಡಕ್ಕೆ ನಿಲ್ಲದೆ ಐವತ್ತಾರು ಹಾಡುಗಳವರೆಗೆ ಬೆಳೆದು, 1956ರ ರಾಮನವಮಿಯ ವೇಳೆಗೆ ಪೂರ್ಣವಾಯಿತು. ಮಾಣಿಕ ವರ್ಮಾ, ವಸಂತರಾವ್ ದೇಶಪಾಂಡೆ, ಲತಾ ಮಂಗೇಶಕರ, ಮಾಲತಿ ಪಾಂಡೆ, ರಾಮ ಫಾಟಕ, ಲಲಿತಾ ಫಡಕೆ ಮೊದಲಾದವರು ಹಾಡಿದರು. ಇಡೀ ಕಾವ್ಯದಲ್ಲಿ ಕವಿ ತಾನಾಗಿ ಕಥೆ ಹೇಳುವುದು ಬಹಳ ಕಡಿಮೆ. ಕೌಸಲ್ಯೆ, ಅಹಲ್ಯೆ, ಭರತ, ಶಬರಿ, ಶೂರ್ಪನಖಿ, ಸೀತೆ, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಬಾಯಿಂದ ತಮ್ಮ ತಮ್ಮ ಗಳಿಗೆಯನ್ನು ಹಾಡುತ್ತಾರೆ. ಕಣ್ಣಿಗೆ ವೇಷವಿಲ್ಲದ, ರಂಗವಿಲ್ಲದ, ಕೇವಲ ಕಿವಿಯೊಂದನ್ನೇ ನಂಬಿದ ಮಾಧ್ಯಮಕ್ಕೆ ಇದಕ್ಕಿಂತ ಒಪ್ಪುವ ವಿಧಾನವನ್ನು ಕಲ್ಪಿಸುವುದು ಕಠಿಣ. ಸಾಂಗಲಿಯಲ್ಲಿ ಸೀತಾಸ್ವಯಂವರವನ್ನು ಕಂಡ ಜನರ ಮರಿಮಕ್ಕಳು ಅದೇ ಸೀತೆಯ ಸ್ವಯಂವರವನ್ನು ಈಗ ಪೆಟ್ಟಿಗೆಯೊಳಗಿಂದ ಕೇಳಿದರು.

ಕೇಳಿದ ಬಗೆಯೂ ಅಪೂರ್ವವೇ. ರೇಡಿಯೋ ಇದ್ದ ಮನೆಗೆ ಇಲ್ಲದವರು ಸ್ನಾನ ಮಾಡಿ ಬಂದು ಕೂರುತ್ತಿದ್ದರು. ಆ ಪೆಟ್ಟಿಗೆಗೆ ಹೂವು ಏರಿಸಿ, ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದರು. ಪತ್ರಿಕೆಗಳು ಆಯಾ ವಾರದ ಹಾಡನ್ನು ಅಚ್ಚುಮಾಡುತ್ತಿದ್ದವು. ಸರಕಾರದ ಪ್ರಕಟನಾ ವಿಭಾಗವೇ 1957ರಲ್ಲಿ ಅದನ್ನು ಗ್ರಂಥರೂಪದಲ್ಲಿ ಹೊರತಂದಿತು. ಹಿಂದಿ, ತೆಲುಗು, ಬಂಗಾಳಿ, ಸಂಸ್ಕೃತಗಳಿಗೆ ಹೋದಂತೆ ಅದು ನಮ್ಮ ಕನ್ನಡಕ್ಕೂ ಬಂದಿತು. ಮರಾಠಿಗರು ತಮ್ಮ ಕವಿಯನ್ನು ಆಧುನಿಕ ವಾಲ್ಮೀಕಿಯೆಂದು ಕರೆದರು. ಅಣ್ಣ ಪುಣೆಯ ಕೇಂದ್ರದ ಧ್ವನಿಯಾದ 1955ರಲ್ಲಿಯೇ ತಮ್ಮ ವೆಂಕಟೇಶರು ಅದೇ ಕೇಂದ್ರದ ಗ್ರಾಮೀಣ ವಿಭಾಗಕ್ಕೆ ಸೇರಿದರು. ಕುರಿಗಾಹಿಗಳ ಹಳ್ಳಿಗೆ ಬಂದ ಎಳೆಯ ಮಾಸ್ತರನ ಕಥೆಯಾದ ಅವರ ‘ಬನಗರವಾಡಿ’ ಬೆಳಕು ಕಂಡದ್ದೂ ಅದೇ ವರ್ಷ. ಒಂದೇ ಬರದ ಹಳ್ಳಿಯ ಇಬ್ಬರು ಅಣ್ಣತಮ್ಮಂದಿರು ಒಂದು ನಾಡಿನ ಕಿವಿಯನ್ನು ಆ ವರ್ಷ ಹಿಡಿದು ನಿಲ್ಲಿಸಿದರು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿತು. ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರು ಕರಾಡದವರು, ಅದೇ ಕೃಷ್ಣಾತೀರದವರು. ಸಂವಿಧಾನ ವಿಧಾನಪರಿಷತ್ತಿನಲ್ಲಿ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ಪರಿಣತರಾದವರಿಗೆ ಮೀಸಲಿಟ್ಟ, ರಾಜ್ಯಪಾಲರು ನಾಮನಿರ್ದೇಶನ ಮಾಡುವ ಸ್ಥಾನಗಳಲ್ಲೊಂದು 1962ರಲ್ಲಿ ಗದಿಮಾರಿಗೆ ಬಂದಿತು. ಎಪ್ಪತ್ತೆಂಟು ಜನರ ಆ ಮೇಲ್ಮನೆಯಲ್ಲಿ ಅಂತಹ ಸ್ಥಾನಗಳು ಹನ್ನೆರಡು. ಆರಾರು ವರ್ಷಗಳ ಎರಡು ಅವಧಿ, 1974ರವರೆಗೆ, ಅವರು ಅಲ್ಲಿ ಸದಸ್ಯರಾಗಿದ್ದರು. ಇಂತಹ ನಾಮನಿರ್ದೇಶನಗಳನ್ನು ಕುರಿತು ವಾದ ಹಳೆಯದು. ಜನರಿಂದ ಆರಿಸಿ ಬಾರದವನಿಗೆ ಶಾಸನ ಮಾಡುವ ಹಕ್ಕೆಲ್ಲಿಯದೆಂದು ಒಂದು ಪಕ್ಷ; ಮತಗಳಿಕೆಯ ಕಲೆಯರಿಯದ ಪ್ರತಿಭೆಗೂ ರಾಜ್ಯದ ಆಲೋಚನೆಯಲ್ಲಿ ಒಂದು ಪೀಠವಿರಬೇಕೆಂದು ಇನ್ನೊಂದು. ನಮ್ಮ ಮೇಲ್ಮನೆಯಲ್ಲಿಯೂ ಸಿದ್ಧಲಿಂಗಯ್ಯನವರಂತಹ, ಚಂದ್ರಶೇಖರ ಕಂಬಾರರಂತಹ ಕವಿಗಳು ಕುಳಿತುದುಂಟು. ಗದಿಮಾರ ವಿಷಯದಲ್ಲಿ ನನಗೆ ಸಂಶಯವಿಲ್ಲ. ಐವತ್ತಾರು ವಾರ ಲಕ್ಷೋಪಲಕ್ಷ ಮನೆಗಳು ತಾವಾಗಿ ಬಾಗಿಲು ತೆರೆದು ಕರೆದುಕೊಂಡ ಧ್ವನಿಗೆ ಪ್ರಾತಿನಿಧ್ಯವಿಲ್ಲವೆಂದರೆ, ಪ್ರಾತಿನಿಧ್ಯವೆಂಬ ಮಾತಿಗೆ ಅರ್ಥವನ್ನು ಮತ್ತೆ ಹುಡುಕಬೇಕಾಗುತ್ತದೆ.

ಆ ಹನ್ನೆರಡು ವರ್ಷಗಳೂ ಸಭಾಪತಿಯ ಪೀಠದಲ್ಲಿದ್ದವರು ಸಾಂಗಲಿ ಜಿಲ್ಲೆಯವರೇ: ತಾಸಗಾವ ತಾಲೂಕಿನ ವಿಸಾಪುರದ ವಿಠ್ಠಲ ಸಖಾರಾಮ ಪಾಗೆ. 1960ರಿಂದ 1978ರವರೆಗೆ ಅವರು ಮೇಲ್ಮನೆಯ ಸಭಾಪತಿಗಳು. ದುಡಿಯಬೇಕೆಂದು ಬಂದು ನಿಂತವನಿಗೆ ಕೆಲಸ ಕೊಡುವುದು ರಾಜ್ಯದ ಕರ್ತವ್ಯವೆಂಬ ಯೋಚನೆಯನ್ನು ಪಾಗೆಯವರು 1965ರಲ್ಲಿ ತಮ್ಮ ವಿಸಾಪುರದ ಸುತ್ತಮುತ್ತ ಪರೀಕ್ಷಿಸಿ ನೋಡಿದರು. 1972ರಲ್ಲಿ ಮಹಾರಾಷ್ಟ್ರವನ್ನು ಘೋರವಾದ ಕ್ಷಾಮ ಕವಿಯಿತು. ಮಾಣದೇಶದಂತಹ ಸೀಮೆಗಳಲ್ಲಿ ಮೇವಿಲ್ಲದೆ ದನಕರುಗಳು ಹಟ್ಟಿ ತೊರೆದವು, ಜನ ಕಲ್ಲು ಒಡೆಯುವ ಕಾಮಗಾರಿಗಳಿಗೆ ಸಾಲುಗಟ್ಟಿದರು. ವಿಸಾಪುರದ ಯೋಚನೆ ಆಗ ಇಡೀ ರಾಜ್ಯದ ಉದ್ಯೋಗ ಖಾತರಿ ಯೋಜನೆಯಾಯಿತು; 1977ರಲ್ಲಿ ಕಾನೂನಿನ ರೂಪ ಪಡೆಯಿತು; 2005ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ ಪೂರ್ವಾದರ್ಶವಾಯಿತು. ಬರವನ್ನು ಹುಟ್ಟಿನಿಂದ ಬಲ್ಲ ಇಬ್ಬರು, ಒಬ್ಬ ಸಭಾಪತಿ ಮತ್ತು ಒಬ್ಬ ಕವಿ, ಒಂದೇ ಸದನದಲ್ಲಿ ಹನ್ನೆರಡು ವರ್ಷ ಕಳೆದರು.

ಸಾಂಗಲಿಗೆ ತನ್ನದೇ ಬಾನುಲಿ ಕೇಂದ್ರ ದೊರೆತುದು 1963ರಲ್ಲಿ. 1969ರಲ್ಲಿ ಗದಿಮಾರಿಗೆ ಪದ್ಮಶ್ರೀ ಬಂದಿತು. 1973ರಲ್ಲಿ ಯವತಮಾಳದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. 1977ರ ಡಿಸೆಂಬರ್ 14ರಂದು ಪುಣೆಯಲ್ಲಿ, ಐವತ್ತೆಂಟು ವರ್ಷ ತುಂಬಿ ಎರಡೂವರೆ ತಿಂಗಳು ಕಳೆದಿರಲು, ಅವರು ತೀರಿಕೊಂಡರು.

ಅವರು ಸದಸ್ಯರಾಗಿದ್ದ ಕಾಲದ ಇನ್ನೊಂದು ಸಂಗತಿಯನ್ನು ಕನ್ನಡಿಗನಾದ ನಾನು ಹೇಳದೆ ಮುಗಿಸಲಾರೆ. 1966ರಲ್ಲಿ ಮಹಾರಾಷ್ಟ್ರ ಮತ್ತು ಮೈಸೂರು ರಾಜ್ಯಗಳ ಗಡಿಯ ತಂಟೆಯನ್ನು ಬಗೆಹರಿಸಲು ಮಹಾಜನ ಆಯೋಗ ನೇಮಕವಾಯಿತು. 1967ರಲ್ಲಿ ಅದು ತನ್ನ ವರದಿಯನ್ನೊಪ್ಪಿಸಿತು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. ಬೆಳಗಾವಿಯ ಹೆಸರೆತ್ತಿದರೆ ಎರಡೂ ಕಡೆ ರಕ್ತ ಕುದಿಯುತ್ತಿದ್ದ ಆ ವರ್ಷಗಳಲ್ಲಿ, ಊರೂರುಗಳ ಮನೆಗಳನ್ನು ಯಾವ ಭಾಷೆಯ ಲೆಕ್ಕಕ್ಕೆ ಹಾಕಬೇಕೆಂದು ಎರಡು ರಾಜ್ಯಗಳು ಎಣಿಸುತ್ತಿದ್ದ ಆ ಹೊತ್ತಿನಲ್ಲಿ, 1970ರಲ್ಲಿ, ‘ಝಾಲಾ ಮಹಾರ ಪಂಢರಿನಾಥ’ ಎಂಬ ಮರಾಠಿ ಚಿತ್ರ ಬಂದಿತು. ಅದಕ್ಕಾಗಿ ಗದಿಮಾ ಬರೆದ ಒಂದು ಹಾಡು ಪಂಢರಪುರದ ವಿಠ್ಠಲನನ್ನು ಕನ್ನಡದ ರಾಜನೆಂದು ಸಂಬೋಧಿಸುತ್ತದೆ. ವಿಠ್ಠಲನನ್ನು ‘ಕಾನಡಾ’ ಎನ್ನುವುದು ಜ್ಞಾನದೇವರ ಕಾಲದಿಂದ ಬಂದ ರೂಢಿ. ಆ ಪದಕ್ಕೆ ಕನ್ನಡಿಗನೆಂದರ್ಥವೋ, ಅರಿಯಲಾರದ ಗೂಢನೆಂದರ್ಥವೋ ಎಂದು ಪಂಡಿತರಲ್ಲಿ ಚರ್ಚೆಯುಂಟು. ಸಂಶೋಧಕ ರಾ. ಚಿಂ. ಢೇರೆಯವರು ವಿಠ್ಠಲನ ಮೂಲವನ್ನು ಗೊಲ್ಲ ಕುರುಬರ ದೈವದಲ್ಲಿ ಅರಸಿ, ಕನ್ನಡ ನೆಲದೊಡನೆ ಅವನಿಗಿರುವ ಸಂಬಂಧವನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಬಿರೋಬನ ಜಾತ್ರೆಗಳ ನಾಡಿನಲ್ಲಿ ಬೆಳೆದ ಕವಿಗೆ ಅದು ಪಾಂಡಿತ್ಯದ ವಿಷಯವಾಗಿರಲಿಲ್ಲ. ಮಹಾರಾಷ್ಟ್ರದ ಶಾಸಕನಾಗಿದ್ದು ಆ ವರ್ಷ ಆ ಶಬ್ದವನ್ನು ಎದೆತುಂಬಿ ಬರೆದುದು ಅವರು ನಾಡಿಗೆ ಸಲ್ಲಿಸಿದ ಸೇವೆಗಳಲ್ಲಿ ಹಿರಿದೆಂದು ನಾನು ಎಣಿಸುತ್ತೇನೆ.

ಆಷಾಢದಲ್ಲಿ ವಿಜಾಪುರದ ಕಡೆಯಿಂದ ಪಂಢರಿಗೆ ನಡೆದುಹೋಗುವ ನಮ್ಮ ವಾರಕರಿಗಳೂ ಆ ಹಾಡನ್ನು ಬಲ್ಲರು. ರಾಗ ಹಾಕಿದವರು ಸುಧೀರ ಫಡಕೆ. ಅವರೊಡನೆ ದನಿಗೂಡಿಸಿ ಹಾಡಿದವರು ಮಿರಜದ ಅಬ್ದುಲ್ ಕರೀಮ್ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ, ಗದಗಿನ ಭೀಮಸೇನ ಜೋಶಿ.